ಮನೆಯಲ್ಲಿ ಕೇಳುವವರಿಲ್ಲದಿದ್ದರೆ: ಓದುವ ವಯಸ್ಸಿನವರಿಗೊಂದು ಮಾರ್ಗದರ್ಶಿ

"ಅಪ್ಪ ಅಮ್ಮ ಇದ್ದಾರೆ. ಆದರೆ ಇದ್ದೂ ಇಲ್ಲದ ಹಾಗೆ. ನಾನೇನು ಮಾಡಬಹುದು?" ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆ ಇದು. ಒಬ್ಬರ ಮನೆಯಲ್ಲಿ ಕುಡಿತ. ಇನ್ನೊಬ್ಬರ ಮನೆಯಲ್ಲಿ ಯಾರೂ ಚಿಕಿತ್ಸೆ ಕೊಡಿಸದ ಖಿನ್ನತೆ. ಮತ್ತೊಬ್ಬರ ತಂದೆ ತಾಯಿ ಬೇರೆಯಾಗಿ, ಮಗುವನ್ನು ಅಜ್ಜಿ ಮನೆಗೆ ಬಿಟ್ಟು ಮರೆತೇಬಿಟ್ಟಿದ್ದಾರೆ. ದುಡ್ಡಿಗೆ ಕೊರತೆಯೇ ಇಲ್ಲದ ಮನೆಗಳಿಂದಲೂ ಈ ಪ್ರಶ್ನೆ ಬರುತ್ತದೆ.

ಮೊದಲು ಒಂದು ವಿಷಯ. ಬಡತನ ಬೇರೆ, ನಿರ್ಲಕ್ಷ್ಯ ಬೇರೆ. ಎರಡು ಪಾಳಿ ದುಡಿದು ರಾತ್ರಿ ಹತ್ತಕ್ಕೆ ಬಂದು "ಊಟ ಆಯ್ತಾ?" ಅಂತ ಕೇಳುವ ಅಪ್ಪ ನಿಮ್ಮನ್ನು ಕಡೆಗಣಿಸುತ್ತಿಲ್ಲ. ಮೂರು ದಿನ ಜ್ವರದಲ್ಲಿ ಮಲಗಿದ್ದರೂ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ, ಶಾಲೆಗೆ ಹೋದರೂ ಬಿಟ್ಟರೂ ಯಾರೂ ಕೇಳುವುದಿಲ್ಲ, ಊಟ ಇದೆಯೋ ಇಲ್ಲವೋ ಅನ್ನುವುದು ದಿನಾ ನಿಮ್ಮ ತಲೆನೋವು ಅಂತಾದರೆ ಅದು ನಿರ್ಲಕ್ಷ್ಯ. 2015ರ ಬಾಲನ್ಯಾಯ ಕಾಯ್ದೆ ಇಂಥವರನ್ನು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು' ಎಂದು ಕರೆಯುತ್ತದೆ. ಹೆತ್ತವರು ಬದುಕಿದ್ದರೂ, ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ಅವರು ಇಲ್ಲದಿದ್ದರೆ ಈ ಮಾತು ಅನ್ವಯಿಸುತ್ತದೆ. 18 ತುಂಬುವವರೆಗೂ ನೀವು ಕಾನೂನಿನ ಕಣ್ಣಲ್ಲಿ ಮಗುವೇ.

ಯಾರನ್ನೂ ಏನೂ ಕೇಳದೆ ತಾನೇ ಎಲ್ಲ ಮಾಡಿಕೊಳ್ಳುವ ಮಕ್ಕಳನ್ನು ನಾವು "ಎಷ್ಟು ಗಟ್ಟಿ ಹುಡುಗಿ", "ಎಷ್ಟು ಜವಾಬ್ದಾರಿ" ಅಂತ ಹೊಗಳುತ್ತೇವೆ. ಈ ಹೊಗಳಿಕೆ ನನಗೆ ಇಷ್ಟವಿಲ್ಲ. ಆ ಹುಡುಗಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೇ. ಯಾವ ಬಾಗಿಲು ತಟ್ಟಬೇಕು ಅಂತ ತಿಳಿದುಕೊಂಡು, ನಾಚಿಕೆಪಡದೆ ತಟ್ಟುವುದನ್ನು ಗಟ್ಟಿತನ ಅಂದರೆ ಒಪ್ಪುತ್ತೇನೆ. ಕೆಳಗಿರುವ ಹಂತಗಳೆಲ್ಲ ಅದಕ್ಕಾಗಿಯೇ.

ಶುರು ಮಾಡಲು ಬೇಕಾಗುವುದು ಕಡಿಮೆ. ಒಂದು ನೋಟ್‌ಬುಕ್. ನೀರು ಹೋಗದ ಒಂದು ಪ್ಲಾಸ್ಟಿಕ್ ಫೈಲ್. ವಾರಕ್ಕೆ ಅರ್ಧ ಗಂಟೆಯಾದರೂ ಕೈಗೆ ಸಿಗುವ ಫೋನ್, ಗೆಳತಿಯದ್ದಾದರೂ ಆಗುತ್ತದೆ.

ಹಂತ 1: ಈಗಲೇ ಅಪಾಯ ಇದೆಯಾ ನೋಡಿಕೊಳ್ಳಿ

ಮನೆಯಲ್ಲಿ ಹೊಡೆತ ಇದ್ದರೆ, ಯಾರಾದರೂ ಮೈ ಮುಟ್ಟಿ ಕಾಟ ಕೊಡುತ್ತಿದ್ದರೆ, ಊಟವೇ ಇಲ್ಲದಿದ್ದರೆ, ಮದುವೆ ಮಾಡಿಸುವ ಮಾತು ನಡೆಯುತ್ತಿದ್ದರೆ ಉಳಿದ ಹಂತಗಳನ್ನು ಆಮೇಲೆ ಓದಿ. ಈಗ 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕಟ್ ಆಗುವುದಿಲ್ಲ. ತಕ್ಷಣ ಪೊಲೀಸರು ಬೇಕಾದರೆ 112. "ನಮ್ಮ ಮನೆ ವಿಷಯ ಹೊರಗೆ ಯಾಕೆ" ಅಂತ ಯಾರಾದರೂ ಹೇಳಬಹುದು. ಸಾಮಾನ್ಯವಾಗಿ ಹಾಗೆ ಹೇಳುವವರು ಪೆಟ್ಟು ತಿನ್ನುವವರಲ್ಲ.

ಹಂತ 2: ಹೊಟ್ಟೆ, ನಿದ್ದೆ, ಮೈ

ಬೇರೆ ಬರಹಗಳು ಧೈರ್ಯ, ಗುರಿ ಅಂತ ಶುರುವಾಗುತ್ತವೆ. ಹಸಿದವರಿಗೆ ಗುರಿ ಕಾಣುವುದಿಲ್ಲ. ಆದ್ದರಿಂದ ಊಟ ಮೊದಲು.

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ ಮಧ್ಯಾಹ್ನದ ಬಿಸಿಯೂಟ ಇದೆ. ಜೊತೆಗೆ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು. ಮನೆಯಲ್ಲಿ ಊಟಕ್ಕೆ ಗ್ಯಾರಂಟಿ ಇಲ್ಲದಿದ್ದರೆ ಇದನ್ನು ತಪ್ಪಿಸಬೇಡಿ. ಎರಡನೇ ಸಲ ಬಡಿಸಿಕೊಳ್ಳಲು ಸಂಕೋಚ ಬೇಡ. ಬಿಸಿಯೂಟದ ಅಕ್ಕನಿಗೆ ಒಂದು ಮಾತು ಹೇಳಿಟ್ಟರೆ ಸಾಕು, ಅವರು ನೋಡಿಕೊಳ್ಳುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯುವವರು ಬಹಳ. ನೀವು ಎಸೆಯಬೇಡಿ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ, ಹೊಟ್ಟೆ ತೊಳಸುತ್ತದೆ. ಊಟದ ಮೇಲೆ ತಗೊಳ್ಳಿ.

ರಾತ್ರಿ ಊಟಕ್ಕೆ ನಾಲ್ಕು ಅಡುಗೆ ಕಲಿತರೆ ಬೇಕಾದಷ್ಟಾಯಿತು: ಅನ್ನ-ಬೇಳೆ ಒಟ್ಟಿಗೆ ಕುಕ್ಕರಿನಲ್ಲಿ, ಉಪ್ಪಿಟ್ಟು, ಬೇಯಿಸಿದ ಮೊಟ್ಟೆ, ರಾಗಿ ಗಂಜಿ. ಅನ್ನ-ಬೇಳೆಗೆ ಕುಕ್ಕರನ್ನು ನೀರು ಸೇರಿ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ಒತ್ತಡ ಪೂರ್ತಿ ಇಳಿಯುವ ಮುಂಚೆ ಮುಚ್ಚಳ ಎಳೆಯಬೇಡಿ. ಮಲಗುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಒಲೆ ಹಚ್ಚುವ ಸ್ಥಿತಿ ಇಲ್ಲದ ದಿನಕ್ಕೆ ಹುರಿಗಡಲೆ, ಕಡಲೆಬೀಜ, ಬೆಲ್ಲ ಒಂದು ಡಬ್ಬಿಯಲ್ಲಿ ಇಟ್ಟಿರಿ.

ನಿದ್ದೆ ಕಷ್ಟ, ಒಪ್ಪುತ್ತೇನೆ. ಗಲಾಟೆಯ ಮನೆಯಲ್ಲಿ "ಎಂಟು ಗಂಟೆ ಮಲಗಿ" ಅನ್ನುವುದು ಸುಮ್ನೆ ಉಪದೇಶ. ವಾರದಲ್ಲಿ ಎರಡು ರಾತ್ರಿಯಾದರೂ ಅಜ್ಜಿ ಮನೆಯಲ್ಲೋ ನಂಬುವ ನೆಂಟರ ಮನೆಯಲ್ಲೋ ಮಲಗಲು ಸಾಧ್ಯವಾ ಕೇಳಿ ನೋಡಿ.

ಕಾಯಿಲೆ ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇರುತ್ತದೆ. ಮುಟ್ಟಿನ ತೊಂದರೆ, ಮೊಡವೆ, ಭಯ ಯಾವುದನ್ನಾದರೂ ಅಲ್ಲಿ ಕೇಳಬಹುದು.

ಹಂತ 3: ಮನೆಯ ಹೊರಗೆ ಒಬ್ಬ ದೊಡ್ಡವರನ್ನು ಹುಡುಕಿ

ಒಂದೇ ಹಂತ ಮಾಡಲು ಸಾಧ್ಯ ಅಂದರೆ ಇದನ್ನು ಮಾಡಿ.

ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ತಂಡ ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಕುಡಿತ, ಮಾನಸಿಕ ಕಾಯಿಲೆ ಎಲ್ಲ ಸೇರಿದ್ದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ದೊಡ್ಡವರಾದ ಮೇಲೆ ಚೆನ್ನಾಗಿಯೇ ಬದುಕಿದರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು: ಅವರ ಮೇಲೆ ಅಕ್ಕರೆ ಇಟ್ಟಿದ್ದ ಒಬ್ಬ ದೊಡ್ಡವರು. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಪಕ್ಕದ ಮನೆಯವರು, ಯಾರಾದರೂ ಸರಿ. ಉಳಿದ ಮೂರನೇ ಎರಡು ಪಾಲಿನವರು ದುರ್ಬಲರು ಅಂತ ಇದರ ಅರ್ಥವಲ್ಲ. ಅವರಲ್ಲೂ ಎಷ್ಟೋ ಜನ ಮುಂದೆ ಓದು, ಕೆಲಸ, ಒಳ್ಳೆಯ ಸಂಗಾತಿ ಸಿಕ್ಕಾಗ ಚೇತರಿಸಿಕೊಂಡರು.

ಹೇಗೆ ಹುಡುಕುವುದು? ನೋಟ್‌ಬುಕ್ಕಿನಲ್ಲಿ ಐದು ಹೆಸರು ಬರೆಯಿರಿ. ಕ್ಲಾಸ್ ಟೀಚರ್, ಪಿ.ಟಿ. ಮೇಷ್ಟ್ರು, ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರು, ಅಂಗನವಾಡಿ ಟೀಚರ್, ಸೋದರತ್ತೆ. ಇವರಲ್ಲಿ ಒಬ್ಬರ ಹತ್ತಿರ ಸಣ್ಣ ಸಹಾಯ ಕೇಳಿ. ದೊಡ್ಡ ಕಥೆಯನ್ನು ಮೊದಲ ದಿನವೇ ಹೇಳಬೇಕಿಲ್ಲ. "ಮಿಸ್, ಮನೆಯಲ್ಲಿ ಓದಲು ಆಗ್ತಿಲ್ಲ. ಸಂಜೆ ಒಂದು ಗಂಟೆ ಇಲ್ಲೇ ಕೂತು ಓದಬಹುದಾ?" ಇಷ್ಟು ಸಾಕು. ಅವರು ಹೇಗೆ ಉತ್ತರಿಸುತ್ತಾರೆ, ಹೇಳಿದ ಮಾತು ನಡೆಸುತ್ತಾರಾ, ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರಾ ನೋಡಿ. ಸರಿ ಅನಿಸಿದರೆ ಮುಂದಿನ ಮಾತು. ಒಬ್ಬರು "ನಿಮ್ಮಪ್ಪನಿಗೇ ಹೇಳ್ತೀನಿ ಬಿಡು" ಅಂದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ಈ ಹಂತದಲ್ಲೇ ಅತಿ ದೊಡ್ಡ ಹಳ್ಳವೂ ಇದೆ. ಮನೆಯಲ್ಲಿ ಕೇಳುವವರಿಲ್ಲದ ಮಗುವನ್ನು ಕೆಟ್ಟವರು ಬೇಗ ಗುರುತಿಸುತ್ತಾರೆ. ತಿಂಡಿ, ರೀಚಾರ್ಜ್, ಬೈಕಿನಲ್ಲಿ ಸುತ್ತಾಟ, "ನಿನ್ನನ್ನು ಅರ್ಥ ಮಾಡಿಕೊಳ್ಳೋನು ನಾನೊಬ್ಬನೇ" ಅನ್ನುವ ಮಾತು, ಹೀಗೆ ಶುರುವಾಗುತ್ತದೆ. ಫೋನಿನಲ್ಲಿ ಪರಿಚಯವಾದವರೂ ಇದನ್ನೇ ಮಾಡುತ್ತಾರೆ. ಒಳ್ಳೆಯ ದೊಡ್ಡವರು ನಿಮ್ಮ ಜೊತೆಗಿನ ಮಾತನ್ನು ಗುಟ್ಟಾಗಿ ಇಡಲು ಹೇಳುವುದಿಲ್ಲ. ಫೋಟೋ ಕೇಳುವುದಿಲ್ಲ. ನಿಮ್ಮ ಬೇರೆ ಗೆಳೆಯರಿಂದ ದೂರ ಎಳೆಯುವುದಿಲ್ಲ. ಕೊಟ್ಟದ್ದಕ್ಕೆ ಏನನ್ನೂ ವಾಪಸ್ ಕೇಳುವುದಿಲ್ಲ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ದೂರ ಸರಿಯಿರಿ. ಆಗಬಾರದ್ದು ಆಗಿಹೋಗಿದ್ದರೆ ತಪ್ಪು ನಿಮ್ಮದಲ್ಲ. 18ರೊಳಗಿನ ಹುಡುಗ ಹುಡುಗಿ ಇಬ್ಬರಿಗೂ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಇದೆ. ಪೋಕ್ಸೋ ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನು.

ಹಂತ 4: ಕಾಗದಗಳನ್ನು ನಿಮ್ಮ ಕೈಗೆ ತಗೊಳ್ಳಿ

ಬೇಜಾರಿನ ಕೆಲಸ. ಆದರೆ ಮುಂದಿನ ಬಾಗಿಲುಗಳೆಲ್ಲ ಕಾಗದ ಇಲ್ಲದೆ ತೆರೆಯುವುದಿಲ್ಲ.

ಫೈಲಿನಲ್ಲಿ ಇರಬೇಕಾದ್ದು: ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು, ತಂದೆ ಅಥವಾ ತಾಯಿಯ ಆಧಾರ್ ಪ್ರತಿ. ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ಸೆಟ್ ಹಂತ 3ರ ದೊಡ್ಡವರ ಹತ್ತಿರ ಇರಲಿ. ಕುಡಿದ ಸಿಟ್ಟಿನಲ್ಲಿ ಪುಸ್ತಕ, ಸರ್ಟಿಫಿಕೇಟ್ ಸುಟ್ಟುಹಾಕುವ ಮನೆಗಳಿವೆ.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಇದಕ್ಕೊಂದು ಅವಧಿ ಇರಬಹುದು, ದಿನಾಂಕ ನೋಡಿಕೊಳ್ಳಿ. ಆಧಾರ್‌ನಲ್ಲಿ 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಮತ್ತೆ ಕೊಡಬೇಕು. 17 ತುಂಬುವುದರೊಳಗೆ ಮಾಡಿಸಿದರೆ ದುಡ್ಡಿಲ್ಲ. ನೆನಪಿಸುವುದು ಹೆತ್ತವರ ಕೆಲಸ, ಆದರೆ ನಿಮಗೆ ಯಾರೂ ನೆನಪಿಸುವುದಿಲ್ಲ ಅಲ್ವಾ? ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಜಾಸ್ತಿ ಜನ ಎಡವುವುದು ಎರಡು ಕಡೆ. ಒಂದು, ಹೆಸರಿನ ಕಾಗುಣಿತ. ಶಾಲೆ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ಹೋಗುವ ಮುಂಚೆಯೇ ಸರಿ ಮಾಡಿಸಿ. ಅಂಕಪಟ್ಟಿ ಬಂದ ಮೇಲೆ ಓಡಾಟ ದುಪ್ಪಟ್ಟು. ಎರಡು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್. ಅದು ಅಪ್ಪ ಎಂದೋ ಬಿಟ್ಟ ಸಿಮ್ ಆಗಿದ್ದರೆ ಒಟಿಪಿ ನಿಮಗೆ ಬರುವುದೇ ಇಲ್ಲ. ಒಟಿಪಿ ಅಂದರೆ ಒಂದು ಸಲ ಮಾತ್ರ ಬಳಸುವ ಗುಪ್ತ ಸಂಖ್ಯೆ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ.

ಹಂತ 5: ದುಡ್ಡು ಮತ್ತು ಹಾಸ್ಟೆಲ್

10 ವರ್ಷ ದಾಟಿದವರು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಬಹುದು. ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿದರೆ ಆಗುತ್ತದೆ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿದೆ, ಮಿತಿಯನ್ನು ಆಯಾ ಬ್ಯಾಂಕ್ ನಿಗದಿ ಮಾಡುತ್ತದೆ. ಖಾತೆ ತೆರೆದ ದಿನವೇ "ಆಧಾರ್ ಲಿಂಕ್ ಮಾಡಿ, ಸರ್ಕಾರದ ಹಣ ಇದಕ್ಕೇ ಬರಬೇಕು" ಅಂತ ಹೇಳಿ. ಇದನ್ನು ಆಧಾರ್ ಸೀಡಿಂಗ್ ಅನ್ನುತ್ತಾರೆ. ಹಣ ಹೋಗುವುದು ಸೀಡಿಂಗ್ ಆದ ಖಾತೆಗೆ. ಹಳೆಯ ಜಂಟಿ ಖಾತೆಗೆ ಸೀಡಿಂಗ್ ಆಗಿದ್ದರೆ ನಿಮ್ಮ ವಿದ್ಯಾರ್ಥಿವೇತನ ಅಪ್ಪನ ಕೈಗೆ ಹೋಗುತ್ತದೆ.

8ನೇ ತರಗತಿಯಲ್ಲಿ ಇದ್ದರೆ ಎನ್‌ಎಂಎಂಎಸ್ ಪರೀಕ್ಷೆ ಬರೆಯಲೇಬೇಕು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಾಗಿ ಇರುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದು. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ಒಂದೇ ಜಾಲತಾಣದಲ್ಲಿ ಅರ್ಜಿ ಹಾಕಬೇಕು.

ಹಾಸ್ಟೆಲ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆ ಸರಿ ಇಲ್ಲದವರಿಗೆ ಸರ್ಕಾರಿ ಹಾಸ್ಟೆಲ್‌ನಂಥ ಒಳ್ಳೆಯ ದಾರಿ ಇನ್ನೊಂದಿಲ್ಲ. ಊಟ ಹೊತ್ತಿಗೆ ಬರುತ್ತದೆ, ಮಲಗಲು ಜಾಗ ಇರುತ್ತದೆ, ಓದುವವರ ಜೊತೆ ಸಿಗುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ; 5ನೇ ತರಗತಿಯಲ್ಲಿರುವ ತಮ್ಮನೋ ತಂಗಿಯೋ ಇದ್ದರೆ ಈಗಲೇ ತಯಾರಿ ಮಾಡಿಸಿ. ಆ ವಯಸ್ಸು ದಾಟಿದವರಿಗೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳಿವೆ. ಮೆಟ್ರಿಕ್ ಪೂರ್ವ ಅಂದರೆ 10ನೇ ತರಗತಿವರೆಗೆ, ಮೆಟ್ರಿಕ್ ನಂತರ ಅಂದರೆ ಪಿಯುಸಿಯಿಂದ ಮುಂದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರವೇ ಆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಕೊನೆಯ ದಿನಾಂಕ ಕೇಳಿ. "ಕಾಲೇಜು ಸಿಗಲಿ, ಆಮೇಲೆ ನೋಡೋಣ" ಅಂದವರಿಗೆ ಸೀಟು ಉಳಿದಿರುವುದಿಲ್ಲ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ, ಊಟ-ವಸತಿ ಖರ್ಚಿಗೆ ದುಡ್ಡು ಕೊಡುವ ವಿದ್ಯಾಸಿರಿ ಇದೆ.

ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ: 14ರೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, 18ರವರೆಗೆ ಅಪಾಯದ ಕೆಲಸಗಳಿಗೆ ನಿಷೇಧ. ರಜೆಯಲ್ಲಿ ದುಡಿದರೂ ಶಾಲೆ ಬಿಡಬೇಡಿ. ಫೇಲಾದರೂ ಬಿಡಬೇಡಿ, ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಅವಕಾಶ ಇದೆ.

ಹಂತ 6: ಮಕ್ಕಳ ಕಲ್ಯಾಣ ಸಮಿತಿ

ಪ್ರತಿ ಜಿಲ್ಲೆಯಲ್ಲೂ ಇರುವ ಸಮಿತಿ ಇದು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ತಾನೇ ಹೋಗಿ ಮಾತನಾಡಬಹುದು. 1098ರವರು ಅಥವಾ ನಿಮ್ಮ ಟೀಚರ್ ಕರೆದುಕೊಂಡೂ ಹೋಗಬಹುದು.

"ಅಪ್ಪನನ್ನು ಜೈಲಿಗೆ ಹಾಕ್ತಾರಾ?" ಎಲ್ಲರೂ ಕೇಳುವ ಪ್ರಶ್ನೆ. ಮಗುವನ್ನು ಕಡೆಗಣಿಸಿ ನೋವು ಕೊಟ್ಟರೆ ಕಾನೂನಿನಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ, ನಿಜ. ಆದರೆ ಸಮಿತಿ ಶಿಕ್ಷೆ ಕೊಡುವ ಜಾಗವಲ್ಲ. ಮನೆಯ ಸ್ಥಿತಿ ವಿಚಾರಿಸಿ ವರದಿ ತರಿಸಿಕೊಳ್ಳುತ್ತದೆ, ಹೆತ್ತವರನ್ನು ಕರೆಸಿ ಮಾತನಾಡುತ್ತದೆ. "ಅನಾಥಾಶ್ರಮಕ್ಕೆ ಹಾಕಿಬಿಡ್ತಾರೆ" ಅನ್ನುವ ಭಯವೂ ಇದೆ. ಬಾಲಮಂದಿರಕ್ಕೆ ಕಳಿಸುವುದು ಕೊನೆಯ ದಾರಿ ಆಗಬೇಕು ಅಂತ ಕಾನೂನೇ ಹೇಳುತ್ತದೆ. ಅಜ್ಜಿ, ಚಿಕ್ಕಪ್ಪ ನೋಡಿಕೊಳ್ಳಲು ತಯಾರಿದ್ದರೆ ಅದನ್ನೇ ಮೊದಲು ಹೇಳಿ. ಮಿಷನ್ ವಾತ್ಸಲ್ಯ ಅನ್ನುವುದು ಮಕ್ಕಳ ರಕ್ಷಣೆಗೆ ಇರುವ ಸರ್ಕಾರಿ ಕಾರ್ಯಕ್ರಮ; ಅದರ ಪ್ರಾಯೋಜಕತ್ವ ಯೋಜನೆಯಲ್ಲಿ, ಆದಾಯದ ಮಿತಿಗೆ ಒಳಪಟ್ಟು, ಅಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಹೋಗುವಾಗ ನೋಟ್‌ಬುಕ್ ಒಯ್ಯಿರಿ. ಎಂದು ಊಟ ಇರಲಿಲ್ಲ, ಎಂದು ರಾತ್ರಿ ಯಾರೂ ಮನೆಗೆ ಬರಲಿಲ್ಲ ಅಂತ ದಿನಾಂಕ ಹಾಕಿ ಬರೆದಿಟ್ಟದ್ದು ಅಳುವಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಪ್ಪ ಸಂಪಾದಿಸುತ್ತಿದ್ದೂ ಖರ್ಚಿಗೆ ಕೊಡದಿದ್ದರೆ ನ್ಯಾಯಾಲಯದಲ್ಲಿ ಜೀವನಾಂಶ, ಅಂದರೆ ಬದುಕಲು ಬೇಕಾದ ತಿಂಗಳ ಹಣ, ಕೇಳಬಹುದು. ಮಕ್ಕಳಿಗೆ ವಕೀಲರು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ.

ಹಂತ 7: ತಮ್ಮ ತಂಗಿಯರಿದ್ದರೆ

ಅವರಿಗೆ ಊಟ ಹಾಕಿ, ಶಾಲೆಗೆ ಕಳಿಸಿ. ಆದರೆ ಅವರ ತಾಯಿಯಾಗಲು ಹೋಗಬೇಡಿ. ಆರು ವರ್ಷದೊಳಗಿನವರು ಹಗಲು ಅಂಗನವಾಡಿಯಲ್ಲಿರಲಿ. ಸಮಿತಿಯ ಹತ್ತಿರ ಮಾತನಾಡುವಾಗ ಎಲ್ಲರ ಹೆಸರನ್ನೂ ಹೇಳಿ. "ನಾನು ಹಾಸ್ಟೆಲ್‌ಗೆ ಹೋದರೆ ಇವರ ಗತಿ?" ಅಂತ ಓದು ಬಿಟ್ಟ ಅಕ್ಕಂದಿರು ನಮ್ಮಲ್ಲಿ ಬಹಳ. ಅವರ ತ್ಯಾಗವನ್ನು ಊರು ಹೊಗಳುತ್ತದೆ, ಫೀಸು ಕಟ್ಟುವುದಿಲ್ಲ.

ಹಂತ 8: ಮನಸ್ಸಿನ ಕೆಲಸ

ಇದು ವರ್ಷಗಟ್ಟಲೆ ನಡೆಯುತ್ತದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮನಸ್ ಸಿಗುತ್ತದೆ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವಾಗಲು 2022ರಲ್ಲಿ ಶುರುವಾದ ಸರ್ಕಾರಿ ಸೇವೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಹಿಂದಿದೆ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಸಾಯುವ ಯೋಚನೆ ಬಂದರೆ, ಕೈ ಕುಯ್ದುಕೊಳ್ಳುವ ಆಸೆ ಬಂದರೆ ಅದೇ ಹೊತ್ತಿಗೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಹೀಗೆ ಬೆಳೆದವರಲ್ಲಿ ಕೆಲವು ಅಭ್ಯಾಸ ಉಳಿದುಬಿಡುತ್ತವೆ. ಯಾರು ಏನು ಕೊಟ್ಟರೂ "ಬೇಡ, ಪರವಾಗಿಲ್ಲ" ಅನ್ನುವುದು. ಬಾಗಿಲ ಸದ್ದಿಗೇ ಅಪ್ಪನ ಮೂಡ್ ಅಳೆಯುವುದು. ಎಲ್ಲರನ್ನೂ ಮೆಚ್ಚಿಸುವುದು. ಆ ಮನೆಯಲ್ಲಿ ಇವು ನಿಮ್ಮನ್ನು ಉಳಿಸಿದವು, ಅದಕ್ಕೆ ನಾಚಿಕೆ ಬೇಡ. ಹೊರಗಿನ ಬದುಕಿಗೆ ಮಾತ್ರ ಇವು ಭಾರ. ವಾರಕ್ಕೆ ಒಂದು ಸಲ ಬೇಕಂತಲೇ ಒಬ್ಬರ ಹತ್ತಿರ ಸಣ್ಣದೊಂದು ಸಹಾಯ ಕೇಳುವ ಅಭ್ಯಾಸ ಮಾಡಿ. ಪೆನ್ನು ಕೇಳಿ, ಡ್ರಾಪ್ ಕೇಳಿ. ಇಪ್ಪತ್ತೈದು, ಮೂವತ್ತು ದಾಟಿ ಇದನ್ನು ಓದುತ್ತಿರುವವರಿಗೂ ಇದೇ ಮದ್ದು.

ಹಂತ 9: 18 ಆದ ಮೇಲೆ

ಮದುವೆಯನ್ನು ಮನೆಯಿಂದ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಳ್ಳಬೇಡಿ. ಓದು ಅಥವಾ ಕೆಲಸ, ಕೈಯಲ್ಲಿ ಮೂರು ತಿಂಗಳ ಖರ್ಚು, ಇರಲು ಜಾಗ, ಇಷ್ಟಾದ ಮೇಲೆ ಮನೆ ಬಿಡಿ. ಸಿಟ್ಟಿನಲ್ಲಿ ರಾತ್ರೋರಾತ್ರಿ ಬಸ್ ಹತ್ತಿದವರಿಗೆ ಬೆಂಗಳೂರು ಕರುಣೆ ತೋರಿಸುವುದಿಲ್ಲ.

ಕೊನೆಗೆ, ನೀವು ದುಡಿಯಲು ಶುರು ಮಾಡಿದ ತಿಂಗಳೇ ಮನೆಯಿಂದ ಫೋನ್ ಬರಬಹುದು. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ ತಾಯಿಗೆ ಮಕ್ಕಳು ಜೀವನಾಂಶ ಕೊಡಬೇಕು ಅಂತ 2007ರ ಕಾನೂನು ಇದೆ. ದುಡಿಯುವ ಶಕ್ತಿ ಇದ್ದೂ ಸುಮ್ಮನಿರುವ ಅಪ್ಪನ ಸಾಲ ತೀರಿಸಬೇಕು ಅಂತ ಅದರಲ್ಲಿಲ್ಲ. ಕೊಡುವ ಮನಸ್ಸಿದ್ದರೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ನಿಗದಿ ಮಾಡಿ, ಖಾತೆಯಿಂದ ಖಾತೆಗೇ ಕಳಿಸಿ. ನಗದು ಕೊಡಬೇಡಿ, ಸಾಲಕ್ಕೆ ಜಾಮೀನು ಸಹಿ ಹಾಕಬೇಡಿ, ಎಟಿಎಂ ಕಾರ್ಡ್ ಊರಲ್ಲಿ ಬಿಟ್ಟು ಬರಬೇಡಿ.